ದೊಡ್ಡಸ್ವಾಮಿಗಳ ತೀರ್ಪು

ಮತವೊಂದು ತಾನು ಹುಟ್ಟಿದ ನಾಡನ್ನು ಬಿಟ್ಟು ಬೇರೊಂದು ನಾಡಿಗೆ ಬಂದಾಗ ಅದನ್ನು ಹಿಡಿದವರ ಮುಂದೆ ಒಂದು ಪ್ರಶ್ನೆ ಬಂದೇ ಬರುತ್ತದೆ: ಇದರಲ್ಲಿ ತಿರುಳು ಯಾವುದು, ಸಿಪ್ಪೆ ಯಾವುದು? ಉಡುಪು, ಊಟ, ಹೆಸರು, ಮದುವೆಯ ಶಾಸ್ತ್ರ, ಜಾತಿಯ ಕಟ್ಟು, ಇವುಗಳಲ್ಲಿ ಯಾವುದನ್ನು ಉಳಿಸಿಕೊಂಡರೂ ನಂಬಿಕೆಗೆ ಕೊರತೆಯಿಲ್ಲ? ಯಾವುದನ್ನು ಬಿಡದಿದ್ದರೆ ನಂಬಿಕೆಯೇ ಉಳಿಯದು? ಕ್ರೈಸ್ತ ಮತಕ್ಕೆ ಈ ಪ್ರಶ್ನೆ ಅದರ ಎಳವೆಯಿಂದಲೂ ಬೆನ್ನುಹತ್ತಿದೆ. ಸುಮಾರು 2ನೆಯ ಶತಮಾನದಲ್ಲಿ ಡಯೊಗ್ನೀಟಸ್ ಎಂಬುವನಿಗೆ ಗ್ರೀಕ್ ಭಾಷೆಯಲ್ಲಿ ಬರೆದ ಒಂದು ಪತ್ರವುಂಟು. ಕ್ರೈಸ್ತರು ನಾಡಿನಿಂದಾಗಲಿ ನುಡಿಯಿಂದಾಗಲಿ ಉಡುಗೆತೊಡುಗೆಯಿಂದಾಗಲಿ ಉಳಿದವರಿಗಿಂತ ಬೇರೆಯಾದ ಜನವಲ್ಲ, ಅವರ ಬೇರೆತನವಿರುವುದು ನಡತೆಯಲ್ಲಿ, ಎಂಬುದು ಅದರ ಒಂದು ಭಾಗದ ತಾತ್ಪರ್ಯ. ಮಾತಿನಲ್ಲಿ ಇದು ಸುಲಭವಾಗಿದೆ. ಇದನ್ನು ತಲೆಮಾರುಗಳ ಕಾಲ ಬಾಳಿ ತೋರಿಸುವುದು ಎಷ್ಟು ಕಷ್ಟವೆಂಬುದಕ್ಕೆ ನಾವು ದೂರ ಹೋಗಬೇಕಾದುದಿಲ್ಲ. ನಮ್ಮ ಮೈಸೂರು ಸೀಮೆಯ ಚರಿತ್ರೆಯಲ್ಲಿಯೇ ಅದಕ್ಕೆ ಒಳ್ಳೆಯ ನಿದರ್ಶನವಿದೆ. ಆ ನಿದರ್ಶನದ ಮೇಲೆ ಬಹು ದೊಡ್ಡ ಸಾಕ್ಷಿಯೊಬ್ಬರು ಕೊಟ್ಟ ಕಠಿಣವಾದ ತೀರ್ಪೂ ಇದೆ. ಆ ತೀರ್ಪು ನ್ಯಾಯವಾದುದೇ ಎಂಬುದನ್ನು ವಿಚಾರಿಸುವುದು ನಮ್ಮ ಉದ್ದೇಶ.

ಮೈಸೂರು ದೇಶದಲ್ಲಿ ಕ್ರೈಸ್ತಮತದ ವ್ಯವಸ್ಥಿತವಾದ ಪ್ರಚಾರ ಮೊದಲಾದದ್ದು ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ. 1648ರ ಸುಮಾರಿಗೆ ಇಟಲಿ ದೇಶದ ಲಿಯೊನಾರ್ದೊ ಚಿನ್ನಾಮಿ ಎಂಬ ಜೆಸ್ಯೂಟ್ ಪಾದ್ರಿ ಶ್ರೀರಂಗಪಟ್ಟಣಕ್ಕೆ ಬಂದರು. ಬಂದವರು ಪರಂಗಿಯ ವೇಷದಲ್ಲಿ ಬರಲಿಲ್ಲ, ಸನ್ಯಾಸಿಯ ವೇಷದಲ್ಲಿ ಬಂದರು. ಈ ಪದ್ಧತಿಯನ್ನು ಅವರಿಗಿಂತ ಮೊದಲು ಹಾಕಿಕೊಟ್ಟವರು 1606ರಲ್ಲಿ ಮಧುರೆಗೆ ಬಂದ ರಾಬರ್ತೊ ದೆ ನೋಬಿಲಿ. ಪೋರ್ಚುಗೀಸರ ಕಾಲದಲ್ಲಿ ಕರಾವಳಿಯಲ್ಲಿ ಕ್ರೈಸ್ತನಾಗುವುದೆಂದರೆ ಪರಂಗಿಯಾಗುವುದು ಎಂಬ ಅಭಿಪ್ರಾಯ ಜನರಲ್ಲಿ ಬೇರೂರಿತ್ತು. ಪರಂಗಿಯಾಗುವುದೆಂದರೆ ಗೋಮಾಂಸ, ಮದ್ಯ, ತೊಗಲಿನ ಜೋಡು, ಸ್ನಾನವಿಲ್ಲದ ಊಟ. ನೋಬಿಲಿಯವರು ಕಾವಿ ಉಟ್ಟರು, ಮಾಂಸವನ್ನು ಬಿಟ್ಟರು, ಸಂಸ್ಕೃತವನ್ನೂ ತಮಿಳನ್ನೂ ಕಲಿತರು. ಶಿಖೆ ಯಜ್ಞೋಪವೀತಗಳು ಕುಲದ ಗುರುತುಗಳೇ ಹೊರತು ದೇವತಾಪೂಜೆಯ ಗುರುತುಗಳಲ್ಲವೆಂದು ವಾದಿಸಿದರು. 1623ರಲ್ಲಿ ಪೋಪ್ 15ನೆಯ ಗ್ರೆಗರಿಯವರು ಕೆಲವು ನಿಬಂಧನೆಗಳೊಡನೆ ಇದಕ್ಕೆ ಒಪ್ಪಿಗೆಯಿತ್ತರು. ಚಿನ್ನಾಮಿಯವರು ಇದೇ ದಾರಿಯನ್ನು ಹಿಡಿದು ಕನ್ನಡವನ್ನು ಕಲಿತು, ಕನ್ನಡಕ್ಕೆ ವ್ಯಾಕರಣವನ್ನೂ ಮತೋಪದೇಶದ ಪುಸ್ತಕವನ್ನೂ ಬರೆದರೆಂದು ಜೆಸ್ಯೂಟರ ಚರಿತ್ರೆಯಿಂದ ತಿಳಿದುಬರುತ್ತದೆ.

ಇದರ ಮೇಲೆ ನಡೆದ ಚರ್ಚೆ ಒಂದು ಶತಮಾನವನ್ನೂ ಮೀರಿ ಬೆಳೆಯಿತು. ಚರ್ಚೆಯ ವಿಷಯಗಳು ಇಂದು ಕೇಳುವವರಿಗೆ ವಿನೋದವಾಗಿಯೂ ತೋರಬಹುದು. ಜ್ಞಾನಸ್ನಾನದ ವಿಧಿಯಲ್ಲಿ ಪಾದ್ರಿಯು ತನ್ನ ಉಗುಳನ್ನು ಮಗುವಿಗೆ ಸೋಂಕಿಸುವ ಒಂದು ಅಂಗವಿತ್ತು. ಎಂಜಲೆಂದರೆ ನಮ್ಮವರಿಗೆ ಎಷ್ಟು ಹೇಸಿಗೆಯೆಂಬುದನ್ನು ಬಲ್ಲ ಜೆಸ್ಯೂಟರು ಅದನ್ನು ಬಿಟ್ಟುಬಿಟ್ಟಿದ್ದರು. ಮದುವೆಯಲ್ಲಿ ತಾಳಿ ಕಟ್ಟಬಹುದೇ? ಕಟ್ಟಬಹುದಾದರೆ ಅದರ ಮೇಲೆ ಗಣಪತಿಯ ಆಕೃತಿ ಇರಬಹುದೇ? ತೆಂಗಿನಕಾಯಿ ಒಡೆಯಬಹುದೇ? ಹೆಣ್ಣುಮಗಳು ಮೈನೆರೆದಾಗ ನಂಟರಿಷ್ಟರನ್ನು ಕರೆದು ಉತ್ಸವ ಮಾಡಬಹುದೇ? ಕ್ರೈಸ್ತ ವಾದ್ಯಗಾರನು ಹೊಟ್ಟೆಪಾಡಿಗಾಗಿ ಹಿಂದೂ ದೇವಸ್ಥಾನದಲ್ಲಿ ಓಲಗ ಊದಬಹುದೇ? ಇಂಥವೆಲ್ಲ ರೋಮಾಪುರಿಯ ಪಂಡಿತರ ಮುಂದೆ ಬಂದವು. 1703ರಲ್ಲಿ ಪೋಪರ ಪ್ರತಿನಿಧಿಯಾಗಿ ಬಂದ ಟೂರ್ನೋನ್ ಎಂಬವರು ಪಾಂಡಿಚೇರಿಯಲ್ಲಿ ಎಂಟು ತಿಂಗಳಷ್ಟು ಇದ್ದು, 1704ರಲ್ಲಿ ಈ ಆಚಾರಗಳಲ್ಲಿ ಬಹುಭಾಗವನ್ನು ನಿಷೇಧಿಸಿ ಆಜ್ಞೆ ಹೊರಡಿಸಿದರು. 1744ರಲ್ಲಿ ಪೋಪ್ 14ನೆಯ ಬೆನೆಡಿಕ್ಟರು ಅದನ್ನು ಸ್ಥಿರಪಡಿಸಿ ಚರ್ಚೆಯನ್ನು ಮುಗಿಸಿದರು.

ಈ ವಿವಾದದಲ್ಲಿ ಜೆಸ್ಯೂಟರ ಪಕ್ಷವು ಉದಾರವಾದುದು, ರೋಮಿನ ಪಕ್ಷವು ಸಂಕುಚಿತವಾದುದು ಎಂದು ನಮ್ಮಲ್ಲಿ ಓದಿದವರು ಸಾಮಾನ್ಯವಾಗಿ ಹೇಳುವುದುಂಟು. ಇದು ಅರ್ಧ ಸತ್ಯ. ನಿಷೇಧಿಸಲ್ಪಟ್ಟ ಆಚಾರಗಳ ಪಟ್ಟಿಯಲ್ಲಿ ಇನ್ನೊಂದೂ ಸೇರಿತ್ತು. ಅದೇನೆಂದರೆ, ಪಂಚಮರೆನಿಸಿಕೊಂಡಿದ್ದ ಕ್ರೈಸ್ತರ ಗುಡಿಸಲಿಗೆ, ಅವರು ಸಾಯುವ ಸ್ಥಿತಿಯಲ್ಲಿದ್ದರೂ ಹೋಗದೆ, ರೋಗಿಯನ್ನು ಹೊರಕ್ಕೆ ಹೊತ್ತುತರಿಸಿ ಸಂಸ್ಕಾರ ಮಾಡುವ ಪದ್ಧತಿ. ಮೇಲು ಜಾತಿಯವರ ಗುರುಗಳು ಬೇರೆ, ಕೆಳಗಿನವರ ಗುರುಗಳು ಬೇರೆ ಎಂಬ ಏರ್ಪಾಡನ್ನು ಜೆಸ್ಯೂಟರು ಮಾಡಿಕೊಂಡಿದ್ದರು. ತಾಳಿ, ತೆಂಗಿನಕಾಯಿಗಳನ್ನು ಸಿಪ್ಪೆಯೆಂದು ಒಪ್ಪಿಕೊಂಡವರು ಜಾತಿಯನ್ನೂ ಸಿಪ್ಪೆಯ ಲೆಕ್ಕಕ್ಕೇ ಸೇರಿಸಿಬಿಟ್ಟರು. ದೂರದ ರೋಮಿನಲ್ಲಿ ಕುಳಿತವರಿಗೆ ತಾಳಿಯ ಅರ್ಥ ತಿಳಿಯದಿದ್ದರೂ ಈ ಒಂದು ವಿಷಯದಲ್ಲಿ ಅವರ ಕಣ್ಣು ಸರಿಯಾಗಿತ್ತೆಂದು ನಾವು ಹೇಳಬೇಕಾಗಿದೆ.

ಅಷ್ಟರಲ್ಲಿ ಕಾಲವೂ ಕೆಟ್ಟಿತು. 1759ರಲ್ಲಿ ಪೋರ್ಚುಗಲ್ ಸರ್ಕಾರವು ಜೆಸ್ಯೂಟರನ್ನು ತನ್ನ ರಾಜ್ಯಗಳಿಂದ ಹೊರಡಿಸಿತು. 1773ರಲ್ಲಿ ಪೋಪರೇ ಆ ಸಂಘವನ್ನು ವಿಸರ್ಜಿಸಿದರು. ಕಾವೇರಿಯ ದಡದಲ್ಲಿಯೂ ಅದರ ಆಸುಪಾಸಿನ ಹಳ್ಳಿಗಳಲ್ಲಿಯೂ ಇದ್ದ ಕನ್ನಡ ಕ್ರೈಸ್ತರಿಗೆ ಗುರುಗಳು ಅಪರೂಪವಾದರು. ಮೇಲಿಂದ ಮೇಲೆ ಯುದ್ಧಗಳು ನಡೆದವು.

1780ರಿಂದ 1784ರವರೆಗೆ ನಡೆದ ಎರಡನೆಯ ಮೈಸೂರು ಯುದ್ಧದಲ್ಲಿ ಕರಾವಳಿಯ ಕ್ರೈಸ್ತರು ಇಂಗ್ಲಿಷರಿಗೆ ಸಹಾಯ ಮಾಡಿದರೆಂಬ ಅನುಮಾನ ಟೀಪು ಸುಲ್ತಾನನಿಗೆ ಬಂದಿತು. 1784ರಲ್ಲಿ, ಸಂಪ್ರದಾಯದ ಪ್ರಕಾರ ವಿಭೂತಿ ಬುಧವಾರದ ದಿನ, ಮಂಗಳೂರು ಸೀಮೆಯ ಕ್ರೈಸ್ತರನ್ನು ಸೆರೆಹಿಡಿದು, ಘಟ್ಟ ಹತ್ತಿಸಿ, ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಬಂದರು. ಇವರ ಸಂಖ್ಯೆಯನ್ನು ಒಬ್ಬೊಬ್ಬರು ಒಂದೊಂದಾಗಿ ಹೇಳುತ್ತಾರೆ. 30,000ದಿಂದ 60,000ದ ಮೇಲಿನವರೆಗೆ ಲೆಕ್ಕಗಳಿವೆ. ದಾರಿಯಲ್ಲಿ ಸತ್ತವರು ಬಹಳ. ಬದುಕಿ ಬಂದವರಲ್ಲಿ ಗಂಡಸರಿಗೆ ಸುನ್ನತಿ ಮಾಡಿಸಿ, ಹೆಸರು ಬದಲಾಯಿಸಿ, ತಕ್ಕವರನ್ನು ಸೈನ್ಯಕ್ಕೆ ಸೇರಿಸಿದರು. ಮೈಸೂರು ಸೀಮೆಯ ಹಳ್ಳಿಗಳ ಕ್ರೈಸ್ತರಿಗೂ ಈ ಆಜ್ಞೆಯ ಬಿಸಿ ತಟ್ಟಿತು. ಇದೇ ಸುಲ್ತಾನನು 1791ರಲ್ಲಿ ಮರಾಠರ ದಂಡಿನಿಂದ ಹಾಳಾದ ಶೃಂಗೇರಿ ಮಠಕ್ಕೆ ದ್ರವ್ಯ ಕಳುಹಿಸಿ ಗುರುಗಳಿಗೆ ವಿನಯದಿಂದ ಪತ್ರ ಬರೆದವನು. ಅರಸರ ನಡತೆಯನ್ನು ಮತವೆಂಬ ಒಂದೇ ಅಳತೆಗೋಲಿನಿಂದ ಅಳೆಯಬಾರದೆಂಬುದಕ್ಕೆ ಇದನ್ನು ಹೇಳಿದೆವು. ಆದರೆ ಘಟ್ಟ ಹತ್ತಿ ಬಂದವರಿಗೆ ಆ ವಿವೇಚನೆಯಿಂದ ಆಗಬೇಕಾದುದೇನೂ ಇರಲಿಲ್ಲ. ಅವರಿಗೆ ಪಾದ್ರಿಗಳಿಲ್ಲ, ದೇವಾಲಯಗಳಿಲ್ಲ. ತಮ್ಮ ಹೆಸರು ಕೂಡ ತಮ್ಮದಲ್ಲ. ಹದಿನೈದು ವರ್ಷಗಳು ಹೀಗೆ ಕಳೆದವು. 1799ನೆಯ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು.

ನಮ್ಮ ಕಥೆಯ ಮುಖ್ಯ ಪುರುಷರು ರಂಗಕ್ಕೆ ಬರುವುದು ಈಗ. ಝಾನ್ ಆಂತ್ವಾನ್ ದುಬ್ವಾ ಅವರು 1766ರಲ್ಲಿ ಫ್ರಾನ್ಸಿನ ದಕ್ಷಿಣ ಭಾಗದಲ್ಲಿ ಹುಟ್ಟಿದವರು. ಫ್ರೆಂಚರಲ್ಲಿ ಪಾದ್ರಿಗಳನ್ನು ಗೌರವದಿಂದ ಕರೆಯುವಾಗ ಅಬ್ಬೆ ಎನ್ನುತ್ತಾರೆ. ತಾಯಿ ಎಂಬ ಅರ್ಥದ ನಮ್ಮ ಕನ್ನಡದ ಅಬ್ಬೆಗೂ ಇದಕ್ಕೂ ಸಂಬಂಧವೇನೂ ಇಲ್ಲ. ಅಬ್ಬೆ ದುಬ್ವಾ ಅವರು 1792ರಲ್ಲಿ ಗುರುಪಟ್ಟವನ್ನು ಪಡೆದು, ಪ್ಯಾರಿಸಿನ ವಿದೇಶ ಮಿಷನ್ ಸಂಘವನ್ನು ಸೇರಿ, ಅದೇ ವರ್ಷ ಹಡಗು ಹತ್ತಿದರು. ಕೆಲವು ವರ್ಷ ತಮಿಳು ನಾಡಿನಲ್ಲಿ ಕೆಲಸ ಮಾಡಿದ ಮೇಲೆ, ಶ್ರೀರಂಗಪಟ್ಟಣದ ಪತನಾನಂತರ ಚೆದರಿಹೋಗಿದ್ದ ಕ್ರೈಸ್ತರನ್ನು ಒಟ್ಟುಗೂಡಿಸುವುದಕ್ಕಾಗಿ ಮೈಸೂರಿಗೆ ಬಂದರು. ಕರ್ನಲ್ ವೆಲ್ಲೆಸ್ಲಿಯವರ ಶಿಫಾರಸು ಇದಕ್ಕೆ ಕಾರಣವೆಂದು ಹೇಳುತ್ತಾರೆ.

ಅವರು ಬಾಳಿದ ರೀತಿಯನ್ನು ಅವರೇ ತಮ್ಮ ಗ್ರಂಥದ ಪೀಠಿಕೆಯಲ್ಲಿ ತಿಳಿಸಿದ್ದಾರೆ. ಈ ದೇಶದವರ ಉಡುಪನ್ನೇ ಉಟ್ಟರು, ತಲೆಗೆ ರುಮಾಲು ಸುತ್ತಿದರು, ಇವರಂತೆಯೇ ಊಟಮಾಡಿದರು, ಇವರ ನಡೆನುಡಿಗಳನ್ನು ಅಭ್ಯಾಸಮಾಡಿದರು. ತಮಗೆ ಒಪ್ಪಿಗೆಯಾಗದ ಆಚಾರಗಳ ವಿಷಯದಲ್ಲಿಯೂ ಅಸಹ್ಯವನ್ನು ಹೊರಗೆ ತೋರಿಸಿಕೊಳ್ಳಲಿಲ್ಲ. ಆದಕಾರಣ ಎಲ್ಲ ಜಾತಿಯವರ ಮನೆಯ ಜಗಲಿಯೂ ಅವರಿಗೆ ತೆರೆದಿತ್ತು. ಜನರು ಅವರನ್ನು ದೊಡ್ಡಸ್ವಾಮಿಯವರು ಎಂದು ಕರೆದರು. ಹಾಸನದ ಬಳಿಯ ಸಾತಳ್ಳಿಯಲ್ಲಿ, ಮರಳಿ ಬಂದ ಬಡ ಕ್ರೈಸ್ತರನ್ನು ನೆಲೆಗೊಳಿಸಿ ಬೇಸಾಯದ ಒಕ್ಕಲುಗಳನ್ನು ಏರ್ಪಡಿಸಿದರು. ಮತಬೋಧೆಗಿಂತ ಮೊದಲು ಬಿತ್ತನೆಯ ಬೀಜ ಮತ್ತು ನೆಲ ಬೇಕೆಂಬುದನ್ನು ಅವರು ಕಂಡುಕೊಂಡಿದ್ದರು. ಸಿಡುಬಿನ ಬೇನೆಗೆ ದೇವಿ ಹಾಕುವ ವೈದ್ಯವು ಇಂಗ್ಲೆಂಡಿನಲ್ಲಿ 1798ರಲ್ಲಿ ಪ್ರಕಟವಾದುದಷ್ಟೆ. ಅದು ಈ ದೇಶಕ್ಕೆ ಬಂದ ಮೊದಲ ವರ್ಷಗಳಲ್ಲಿಯೇ ಮೈಸೂರಿನಲ್ಲಿ ಅದನ್ನು ಹರಡಿಸಲು ಅವರು ಪಟ್ಟ ಶ್ರಮ ಸರ್ಕಾರದ ಗಮನಕ್ಕೂ ಬಂದಿತು. ಮಾರಿಯ ಕೋಪವೆಂದು ನಂಬಿದ ರೋಗಕ್ಕೆ, ಹಸುವಿನ ಕೀವಿನಿಂದ ಮಾಡಿದ ಔಷಧವನ್ನು ತೋಳು ಗೀರಿ ಹಾಕುವುದೆಂದರೆ, ಹೇಳುವವರಲ್ಲಿ ಜನಕ್ಕೆ ಎಷ್ಟು ವಿಶ್ವಾಸವಿರಬೇಕು!

ಹಿಂದೂ ಜನರ ಆಚಾರವ್ಯವಹಾರಗಳನ್ನು ಕುರಿತ ಅವರ ದೊಡ್ಡ ಗ್ರಂಥವನ್ನು ಓದಿದವರು ಪಟ್ಟಣಗಳಲ್ಲಿ ಅನೇಕರು ಇರಬಹುದು. ಅದರ ಹಸ್ತಪ್ರತಿಯನ್ನು 1807ರಲ್ಲಿ ಮೈಸೂರಿನ ರೆಸಿಡೆಂಟರಾಗಿದ್ದ ವಿಲ್ಕ್ಸ್ ಅವರ ಮೂಲಕ ಕಂಪೆನಿಯವರು 2,000 ವರಹಗಳಿಗೆ ಕೊಂಡುಕೊಂಡರು. 1816ರಲ್ಲಿ ಲಂಡನ್ನಿನಲ್ಲಿ ಇಂಗ್ಲಿಷ್ ಭಾಷಾಂತರವು ಅಚ್ಚಾಯಿತು. ಅದರಲ್ಲಿ ಬಹುಭಾಗಕ್ಕೆ ಕೇರ್ದೂ ಎಂಬ ಹಿಂದಿನ ಜೆಸ್ಯೂಟ್ ಪಾದ್ರಿಯೊಬ್ಬರ ಬರಹವೇ ಆಧಾರವೆಂಬುದನ್ನು ಸಿಲ್ವಿಯಾ ಮುರ್ ಎಂಬ ಫ್ರೆಂಚ್ ವಿದುಷಿಯು 1977ರಲ್ಲಿ ಕಂಡುಹಿಡಿದು 1987ರಲ್ಲಿ ಪ್ರಮಾಣಸಹಿತವಾಗಿ ಪ್ರಕಟಿಸಿದರು. ಸಂಸ್ಕೃತಕ್ಕೂ ಲ್ಯಾಟಿನ್ ಭಾಷೆಗೂ ಇರುವ ನಂಟನ್ನು ಸರ್ ವಿಲಿಯಂ ಜೋನ್ಸರಿಗಿಂತ ಮೊದಲೇ ಗುರುತಿಸಿ ಫ್ರಾನ್ಸಿಗೆ ಬರೆದವರು ಈ ಕೇರ್ದೂ ಅವರೇ. ಆದುದರಿಂದ ಆ ಗ್ರಂಥದಲ್ಲಿ ದುಬ್ವಾ ಅವರ ಸ್ವಂತ ಕಣ್ಣಿನಿಂದ ಕಂಡುದು ಎಷ್ಟು, ಎರವಿನದು ಎಷ್ಟು ಎಂದು ಬೇರ್ಪಡಿಸಿ ಓದಬೇಕಾಗಿದೆ. ನಮಗೆ ಈಗ ಬೇಕಾಗಿರುವುದು ಆ ಗ್ರಂಥವಲ್ಲ. 1823ರಲ್ಲಿ, ಅವರು ಭಾರತವನ್ನು ಬಿಟ್ಟ ವರ್ಷ, ಲಂಡನ್ನಿನಲ್ಲಿ ಅಚ್ಚಾದ ಇನ್ನೊಂದು ಸಣ್ಣ ಪುಸ್ತಕ. ಭಾರತದಲ್ಲಿ ಕ್ರೈಸ್ತಮತದ ಸ್ಥಿತಿಯನ್ನು ಕುರಿತ ಪತ್ರಗಳು ಅದರಲ್ಲಿವೆ. ಅದು ಯಾರಿಂದಲೂ ಎರವಲು ತಂದುದಲ್ಲ; ಮೂವತ್ತು ವರ್ಷದ ಆಯಾಸವೆಲ್ಲ ಅದರಲ್ಲಿ ತುಂಬಿದೆ.

ಅದರ ಸಾರಾಂಶವೇನೆಂದರೆ, ಹಿಂದೂ ಜನರು ಕ್ರೈಸ್ತರಾಗುವುದು ಅಸಾಧ್ಯ. ಆದವರೂ ಹೆಸರಿಗೆ ಮಾತ್ರ ಆದವರು. ತಮ್ಮ ಸೇವೆಯ ದೀರ್ಘ ಕಾಲದಲ್ಲಿ, ಒಬ್ಬ ದೇಶೀಯ ಗುರುವಿನ ಸಹಾಯವಿದ್ದರೂ, ತಾವು ಮತಕ್ಕೆ ತಂದವರು ಇನ್ನೂರು ಮುನ್ನೂರು ಮಂದಿಯೆಂದೂ, ಅವರಲ್ಲಿ ಮೂರರಲ್ಲಿ ಎರಡು ಪಾಲು ಪಂಚಮರು ಇಲ್ಲವೆ ಭಿಕ್ಷುಕರೆಂದೂ ಅವರು ಯಾವ ಮುಚ್ಚುಮರೆಯೂ ಇಲ್ಲದೆ ಲೆಕ್ಕ ಕೊಡುತ್ತಾರೆ. ಇಂಥ ಪ್ರಾಮಾಣಿಕತೆ ಮತಪ್ರಚಾರಕರ ವರದಿಗಳಲ್ಲಿ ಸಾಮಾನ್ಯವಾಗಿ ಕಾಣುವುದಲ್ಲ. ಪ್ರಾಟೆಸ್ಟಂಟರು ಇದರಿಂದ ಕೆರಳಿದರು. ಮರುವರ್ಷವೇ ಹಫ್, ಟೌನ್ಲಿ ಎಂಬಿಬ್ಬರು ಖಂಡನಗ್ರಂಥಗಳನ್ನು ಬರೆದರು.

ಆದರೆ ಆ ಪುಸ್ತಕದಲ್ಲಿ ಎಲ್ಲಕ್ಕಿಂತ ತೀಕ್ಷ್ಣವಾದ ಭಾಗವು ಸೆರೆಯ ಕ್ರೈಸ್ತರಿಗೆ ಸಂಬಂಧಿಸಿದ್ದು. ಅರವತ್ತು ಸಾವಿರಕ್ಕೂ ಮೇಲ್ಪಟ್ಟ ಜನರಲ್ಲಿ ಒಬ್ಬನಾದರೂ, ಒಬ್ಬನೇ ಒಬ್ಬನಾದರೂ, ತನ್ನ ನಂಬಿಕೆಯನ್ನು ಎದುರುನಿಂತು ಹೇಳಿ ಪ್ರಾಣ ಕೊಡಲಿಲ್ಲವೆಂದು ಅವರು ನಾಚಿಕೆಯಿಂದಲೂ ಕೋಪದಿಂದಲೂ ಬರೆಯುತ್ತಾರೆ. ಸುಲ್ತಾನನು ಮಡಿದ ಮೇಲೆ ಈ ಜನರು ಮರಳಿ ಬಂದರು. ಬಂದು, ತಾವು ಮತವನ್ನು ಬಿಟ್ಟದ್ದು ಹೊರಗೆ ಮಾತ್ರವೆಂದೂ, ಒಳಗೆ ಹೃದಯದಲ್ಲಿ ಕ್ರಿಸ್ತನ ನಂಬಿಕೆಯನ್ನು ಇಟ್ಟುಕೊಂಡೇ ಇದ್ದೆವೆಂದೂ ಹೇಳಿದರು. ಅವರಲ್ಲಿ ಎರಡು ಸಾವಿರದಷ್ಟು ಮಂದಿ ದುಬ್ವಾ ಅವರ ಕೈಗೇ ಸಿಕ್ಕಿದರು. ಇಪ್ಪತ್ತು ಸಾವಿರದಷ್ಟು ಮಂದಿ ಮಂಗಳೂರು ಸೀಮೆಗೆ ಹಿಂತಿರುಗಿ ಗುಡಿಗಳನ್ನು ಮತ್ತೆ ಕಟ್ಟಿದರು. ಇಷ್ಟನ್ನು ಅವರೇ ದಾಖಲೆ ಮಾಡುತ್ತಾರೆ. ಮಾಡಿಯೂ, ಇವರಿಗೆ ಮತ್ತೊಮ್ಮೆ ಅಂಥ ಪರೀಕ್ಷೆ ಬಾರದಿರಲಿ, ಬಂದರೆ ಮತ್ತೊಮ್ಮೆ ಹೀಗೆಯೇ ತಲೆಬಾಗಿಬಿಡುತ್ತಾರೆ ಎಂದು ತೀರ್ಪು ಹೇಳುತ್ತಾರೆ.

ಈ ತೀರ್ಪನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಕ್ರೈಸ್ತಮತದ ಮೊದಲ ಮೂರು ಶತಮಾನಗಳಲ್ಲಿ ಇದೇ ಪ್ರಶ್ನೆ ಬಂದಿತ್ತು. 250ರಲ್ಲಿ ರೋಮ್ ಚಕ್ರವರ್ತಿಯಾದ ಡೀಸಿಯಸನ ಆಜ್ಞೆಯಂತೆ ದೇವತೆಗಳಿಗೆ ಧೂಪ ಹಾಕಿ ಜೀವ ಉಳಿಸಿಕೊಂಡವರು, ಹಿಂಸೆ ನಿಂತ ಮೇಲೆ ಸಭೆಗೆ ಮರಳಿ ಬರಲು ಬಯಸಿದಾಗ, ಅವರನ್ನು ಎಂದಿಗೂ ಸೇರಿಸಕೂಡದೆಂದು ಕೆಲವರು ಹಟ ಹಿಡಿದರು. ಪ್ರಾಯಶ್ಚಿತ್ತ ಮಾಡಿಸಿ ಸೇರಿಸಿಕೊಳ್ಳಬಹುದೆಂದು ಕಾರ್ಥೇಜಿನ ಬಿಷಪ್ ಸಿಪ್ರಿಯನ್ನರೇ ಮೊದಲಾದವರು ಗೊತ್ತುಮಾಡಿದರು. ಆ ಸಿಪ್ರಿಯನ್ನರಾದರೂ ಹಿಂಸೆಯ ಕಾಲದಲ್ಲಿ ಊರು ಬಿಟ್ಟು ಮರೆಯಾಗಿದ್ದು, 258ರಲ್ಲಿ ಎರಡನೆಯ ಸಲ ಸಮಯ ಬಂದಾಗ ಕತ್ತಿಗೆ ತಲೆಯೊಡ್ಡಿದವರು. ಮೊದಲನೆಯ ಪರೀಕ್ಷೆಯಲ್ಲಿ ತಪ್ಪಿಸಿಕೊಂಡವನು ಎರಡನೆಯದರಲ್ಲಿ ಏನು ಮಾಡುವನೆಂಬುದನ್ನು ಮುಂಗಂಡು ಹೇಳುವುದು ಯಾರಿಂದಲೂ ಆಗದ ಮಾತು.

ದುಬ್ವಾ ಅವರ ಜೀವನವನ್ನೇ ನೋಡೋಣ. ಅವರು ಫ್ರಾನ್ಸನ್ನು ಬಿಟ್ಟ 1792ನೆಯ ವರ್ಷ ಅಲ್ಲಿನ ಪಾದ್ರಿಗಳಿಗೆ ಘೋರವಾದ ವರ್ಷ. ಹೊಸ ಸರ್ಕಾರಕ್ಕೆ ಪ್ರಮಾಣವಚನ ಮಾಡಲೊಪ್ಪದ ಪಾದ್ರಿಗಳನ್ನು ಊರಿನಿಂದ ಓಡಿಸುತ್ತಿದ್ದರು, ಸೆರೆಗೆ ಹಾಕುತ್ತಿದ್ದರು. ಸೆಪ್ಟೆಂಬರಿನಲ್ಲಿ ಪ್ಯಾರಿಸಿನ ಸೆರೆಮನೆಗಳಲ್ಲಿ ನೂರಾರು ಮಂದಿಯನ್ನು ಕೊಂದರು. ದುಬ್ವಾ ಅವರು ಅದಕ್ಕೆ ಕೆಲವು ತಿಂಗಳು ಮೊದಲೇ ಕಡಲಿನ ಮೇಲಿದ್ದರು. ಮುಂದಿನ ಎರಡು ವರ್ಷಗಳಲ್ಲಿ ಫ್ರಾನ್ಸಿನ ಸಾವಿರಾರು ಪಾದ್ರಿಗಳು ಭಯಕ್ಕಾಗಿ ತಮ್ಮ ಪಟ್ಟವನ್ನು ಬಿಟ್ಟುಕೊಟ್ಟರು; ಚರ್ಚುಗಳು ಉಗ್ರಾಣಗಳಾದವು. 1801ರಲ್ಲಿ ನೆಪೋಲಿಯನ್ನನು ಪೋಪರೊಡನೆ ಒಪ್ಪಂದ ಮಾಡಿಕೊಂಡ ಮೇಲೆ ಜನರು ಬಾಗಿಲು ತೆರೆದು ಒಳಗೆ ಬಂದರು. ಕಾಲವನ್ನು ಗಮನಿಸಬೇಕು: ಕಾವೇರಿಯ ದಡದಲ್ಲಿ ನಡೆದುದೂ ಸೇನ್ ನದಿಯ ದಡದಲ್ಲಿ ನಡೆದುದೂ ಒಂದೇ ಹದಿನೈದು ವರ್ಷಗಳ ಒಳಗಿನ ಮಾತು. ಫ್ರಾನ್ಸಿನಲ್ಲಿ ಸೆರೆಮನೆಯಲ್ಲಿ ಸತ್ತ ವೀರರೂ ಇದ್ದರು, ನಿಜ. ಆದರೆ ಬಹುಮಂದಿ ಶ್ರೀರಂಗಪಟ್ಟಣದವರಂತೆಯೇ ತಲೆತಗ್ಗಿಸಿ ಕಾದಿದ್ದವರು. ಅವರ ಮೇಲೆ ಯಾರೂ ಇಂಥ ತೀರ್ಪನ್ನು ಬರೆಯಲಿಲ್ಲ. ದುಬ್ವಾ ಅವರನ್ನು ಹೀಯಾಳಿಸುವುದಕ್ಕೆ ನಾವು ಇದನ್ನು ಹೇಳುತ್ತಿಲ್ಲ. ಮೂವತ್ತು ವರ್ಷ ತಾಯ್ನಾಡಿನ ಮುಖ ನೋಡದೆ ನಮ್ಮ ಜನರ ನಡುವೆ ಬಾಳಿದವರನ್ನು ಹೀಯಾಳಿಸುವ ಯೋಗ್ಯತೆ ನಮಗೆಲ್ಲಿಯದು? ಆದರೆ ಪ್ರಾಣ ಉಳಿಸಿಕೊಂಡು ದೀರ್ಘಕಾಲ ಸೇವೆ ಮಾಡುವುದೂ ಒಂದು ಬಗೆಯ ನಿಷ್ಠೆಯೆಂಬುದಕ್ಕೆ ಅವರ ಜೀವನವೇ ಸಾಕ್ಷಿಯಾಗಿರುವಾಗ, ಇತರರಲ್ಲಿ ಅದನ್ನು ಗುರುತಿಸದೆಹೋದರೆಂಬುದು ಆಶ್ಚರ್ಯ.

ಇನ್ನೂ ಒಂದು ಆಶ್ಚರ್ಯವಿದೆ. ಹೊರಗಿನ ವೇಷಕ್ಕೂ ಒಳಗಿನ ನಂಬಿಕೆಗೂ ಕಟ್ಟಿಲ್ಲವೆಂಬ ತತ್ತ್ವದ ಮೇಲೆಯೇ ಅವರು ರುಮಾಲು ಸುತ್ತಿದ್ದು, ಮಾಂಸ ಬಿಟ್ಟದ್ದು. 1744ರ ಆಜ್ಞೆಯಿಂದಲೇ ಈ ದೇಶದ ಮಿಷನ್ ಕೆಟ್ಟಿತೆಂದು ಅದೇ ಪತ್ರಗಳಲ್ಲಿ ಅವರು ವಾದಿಸುತ್ತಾರೆ. ಗುರುವು ತಾನೇ ಇಷ್ಟಪಟ್ಟು ಹೊರಗನ್ನು ಬದಲಾಯಿಸಿದರೆ ಅದು ಉಪಾಯ. ಶಿಷ್ಯನು ಕತ್ತಿಯ ಮುಂದೆ ಹೊರಗನ್ನು ಬದಲಾಯಿಸಿದರೆ ಅದು ದ್ರೋಹ! ಎರಡೂ ಒಂದೇ ಅಲ್ಲವೆಂಬುದನ್ನು ನಾವು ಬಲ್ಲೆವು. ರುಮಾಲು ಸುತ್ತುವವನು ಕ್ರಿಸ್ತನನ್ನು ಅಲ್ಲಗಳೆಯುವುದಿಲ್ಲ. ಕಲ್ಮಾ ಹೇಳಿದವನು ಬಾಯಿಯಲ್ಲಿಯಾದರೂ ಅಲ್ಲಗಳೆಯುತ್ತಾನೆ. ಆದರೂ, ಎಲ್ಲಿ ಉಡುಪು ಮುಗಿಯುತ್ತದೆ, ಎಲ್ಲಿ ನಂಬಿಕೆ ಆರಂಭವಾಗುತ್ತದೆ ಎಂಬ ಗಡಿಯನ್ನು ಎಳೆಯುವುದು ಎಷ್ಟು ಕಷ್ಟವೆಂದು ಅವರಿಗಿಂತ ಚೆನ್ನಾಗಿ ಬಲ್ಲವರು ಯಾರೂ ಇರಲಿಲ್ಲ.

ಅವರು ಬದಿಗೆ ಸರಿಸಿದ ಒಂದು ಸಂಗತಿಯನ್ನು ನಾವು ಮುಂದಕ್ಕೆ ತರಬೇಕಾಗಿದೆ. 1799ರಲ್ಲಿ ಮರಳಿ ಬಂದವರನ್ನು ಮರಳಿ ಬರುವಂತೆ ಬಲಾತ್ಕರಿಸಿದವರಾರು? ಕರಾವಳಿಯಲ್ಲಿ ಇಂಗ್ಲಿಷರ ಆಳ್ವಿಕೆ ಬಂದಿತ್ತು, ಹೋದ ಜಮೀನು ಸಿಕ್ಕೀತೆಂಬ ಆಸೆಯಿತ್ತು ಎಂದು ಹೇಳಬಹುದು. ಮೈಸೂರಿನಲ್ಲಿ ಹಾಗಲ್ಲ. ಇಲ್ಲಿ ಒಡೆಯರ ಹಿಂದೂ ರಾಜ್ಯ ಮತ್ತೆ ಸ್ಥಾಪಿತವಾಗಿತ್ತು. ಕ್ರೈಸ್ತನಾದವನಿಗೆ ವಿಶೇಷ ಲಾಭವೇನೂ ಇರಲಿಲ್ಲ. ಹದಿನೈದು ವರ್ಷವೆಂದರೆ ಒಂದು ಮಗು ಹುಟ್ಟಿ ಮದುವೆಯ ವಯಸ್ಸಿಗೆ ಬರುವಷ್ಟು ಕಾಲ. ಸೆರೆಯಲ್ಲಿ ಹುಟ್ಟಿದ ಮಕ್ಕಳಿಗೆ ತಾವು ಯಾರೆಂದು ಯಾರೋ ಹೇಳಿಕೊಟ್ಟಿರಬೇಕಲ್ಲವೆ? ಪಾದ್ರಿಗಳಂತೂ ಅಲ್ಲ, ಅವರಿರಲಿಲ್ಲ. ತಾಯಂದಿರೂ ಅಜ್ಜಿಯರೂ ಹೇಳಿಕೊಟ್ಟಿರಬೇಕು. ಆ ಹೆಂಗಸರ ಹೆಸರು ಯಾವ ಕಡತದಲ್ಲಿಯೂ ಇಲ್ಲ. ಅವರು ಪ್ರಾಣ ಕೊಡಲಿಲ್ಲ, ಆದ್ದರಿಂದ ಸಂತರ ಪಟ್ಟಿಯಲ್ಲಿಯೂ ಇಲ್ಲ. ನಂಬಿಕೆಯು ಸ್ಥಿರವಾಗಿ ನಿಲ್ಲುವುದೆಂದರೆ ಏನೆಂಬ ಪ್ರಶ್ನೆಗೆ ಉತ್ತರವನ್ನು ದೊಡ್ಡಸ್ವಾಮಿಗಳು ವಧಸ್ಥಾನದಲ್ಲಿ ಹುಡುಕಿದರು. ಅಡಿಗೆಮನೆಯಲ್ಲಿ ಹುಡುಕಿದ್ದರೆ ಬೇರೆ ಲೆಕ್ಕ ಸಿಕ್ಕುತ್ತಿತ್ತೋ ಏನೋ.

ಆಮೇಲೆ ನಡೆದುದೂ ಈ ಕಡೆಗೇ ಬೊಟ್ಟುಮಾಡುತ್ತದೆ. ಕನ್ನಡ ಕ್ಯಾಥೊಲಿಕರ ಮಾತನ್ನು ಗಮನಿಸಿ ಕೇಳಿದರೆ ಜೆಸ್ಯೂಟರ ಕಾಲದಿಂದ ಬಂದ ಜಾಡು ಅಳಿದಿಲ್ಲವೆಂಬುದು ಗೊತ್ತಾಗುತ್ತದೆ. ಚರ್ಚಿನ ಆರಾಧನೆಗೆ ಅವರು ಪೂಜೆ ಎನ್ನುತ್ತಾರೆ, ಪಾದ್ರಿಗೆ ಸ್ವಾಮಿಗಳು ಎನ್ನುತ್ತಾರೆ, ಬ್ಯಾಪ್ಟಿಸಮ್ಮಿಗೆ ಜ್ಞಾನಸ್ನಾನ ಎನ್ನುತ್ತಾರೆ. ಊರ ಹಬ್ಬದಲ್ಲಿ ಸಂತರ ವಿಗ್ರಹವನ್ನು ತೇರಿನಲ್ಲಿಟ್ಟು ಎಳೆಯುತ್ತಾರೆ. ಈ ತೇರು, ಬಾಣಬಿರುಸು, ತಮಟೆಗಳ ಆಡಂಬರವನ್ನು ದುಬ್ವಾ ಅವರು ಮೆಚ್ಚಲಿಲ್ಲ, ಜನರು ಬಿಡಲಿಲ್ಲ. ಹೆಸರುಗಳಂತೂ ರಸವತ್ತಾದವು. ಚಿನ್ನಪ್ಪನೆಂದರೆ ಸಂತ ಪೌಲ್. ಪೌಲ್ ಎಂಬುದಕ್ಕೆ ಲ್ಯಾಟಿನ್ನಿನಲ್ಲಿ ಚಿಕ್ಕವನೆಂಬ ಅರ್ಥ, ಅದನ್ನೇ ತಮಿಳಿನಲ್ಲಿ ಮಾಡಿಕೊಂಡದ್ದು. ರಾಯಪ್ಪನೆಂದರೆ ಸಂತ ಪೀಟರ್. ತೆಲುಗಿನಲ್ಲಿ ರಾಯಿ ಎಂದರೆ ಕಲ್ಲು, ಗ್ರೀಕಿನ ಪೀಟರಿಗೂ ಬಂಡೆಯೆಂದೇ ಅರ್ಥ. ಇನ್ನಾಸಪ್ಪ ಇಗ್ನೇಷಿಯಸ್, ಚೌರಪ್ಪ ಕ್ಸೇವಿಯರ್. ಹೊಲದಲ್ಲಿ ಚೌರಪ್ಪ ಎಂದು ಕೂಗಿದರೆ ಓಗೊಡುವ ಒಕ್ಕಲಿಗನು ಸ್ಪೇನ್ ದೇಶದ ಒಂದು ಕೋಟೆಯ ಹೆಸರನ್ನು ಹೊತ್ತಿದ್ದಾನೆಂಬುದು ಅವನಿಗೂ ಗೊತ್ತಿರಲಾರದು, ಕೂಗಿದವನಿಗೂ ಗೊತ್ತಿರಲಾರದು. ಮಂಗಳೂರಿನ ಕಡೆ ಸೆಪ್ಟೆಂಬರ್ 8ರಂದು ಮರಿಯಮ್ಮನ ಹುಟ್ಟುಹಬ್ಬಕ್ಕೆ ಹೊಸ ತೆನೆಯನ್ನು ಚರ್ಚಿಗೆ ಒಯ್ದು ಮಂತ್ರಿಸಿ ತಂದು ಹೊಸ ಅಕ್ಕಿಯ ಊಟ ಮಾಡುತ್ತಾರೆ; ನೆರೆಯ ತುಳುವರ ಹೊಸತು ಊಟವೂ ಅದೇ ಸುಗ್ಗಿಯದೇ.

ರೋಮಿನ ಮನಸ್ಸೂ ನಿಧಾನವಾಗಿ ಬದಲಾಯಿತು. ಈ ದೇಶಕ್ಕೆ ಬರುವ ಪಾದ್ರಿಗಳು 1744ರ ಆಜ್ಞೆಗೆ ಬದ್ಧರಾಗಿ ಮಾಡಬೇಕಾಗಿದ್ದ ಪ್ರಮಾಣವಚನವನ್ನು 1940ರಲ್ಲಿ ರದ್ದುಪಡಿಸಿದರು. 1962ರಿಂದ 1965ರವರೆಗೆ ನಡೆದ ವ್ಯಾಟಿಕನ್ ಮಹಾಸಭೆಯ ತರುವಾಯ ಪೂಜೆಯನ್ನೇ ಕನ್ನಡದಲ್ಲಿ ಹೇಳುವಂತಾಯಿತು. ನೋಬಿಲಿಯವರು ಮುನ್ನೂರೈವತ್ತು ವರ್ಷ ಮುಂಚೆ ಬಂದರೆಂದು ಹೇಳಬೇಕೋ, ರೋಮ್ ಅಷ್ಟು ತಡವಾಗಿ ಎಚ್ಚತ್ತಿತೆಂದು ಹೇಳಬೇಕೋ, ನೀವೇ ತೀರ್ಮಾನಿಸಿರಿ. ಜಾತಿಯ ವಿಷಯದಲ್ಲಿ ಮಾತ್ರ ಹಳೆಯ ಸಾಲ ತೀರಿಲ್ಲ. ಒಂದೇ ಚರ್ಚಿನಲ್ಲಿ ಬೇರೆಬೇರೆ ಸಾಲುಗಳೂ, ಒಂದೇ ಊರಿನಲ್ಲಿ ಬೇರೆಬೇರೆ ಸ್ಮಶಾನಗಳೂ ದಕ್ಷಿಣ ದೇಶದಲ್ಲಿ ಬಹುಕಾಲ ನಡೆದುಬಂದವು. ತಿರುಳನ್ನು ಸಿಪ್ಪೆಯೆಂದು ತಿಳಿದದ್ದರ ಫಲವನ್ನು ಆ ಜನ ಇಂದಿಗೂ ಉಣ್ಣುತ್ತಿದ್ದಾರೆ.

ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು 1843ರಲ್ಲಿ ಚರ್ಚೊಂದನ್ನು ಕಟ್ಟಿಸಿಕೊಟ್ಟರು. ಅದೇ ಸ್ಥಳದಲ್ಲಿ ಸೇಂಟ್ ಫಿಲೋಮಿನಾ ಚರ್ಚಿಗೆ ನಾಲ್ವಡಿ ಕೃಷ್ಣರಾಜ ಒಡೆಯರು 1933ರಲ್ಲಿ ಅಸ್ತಿಭಾರದ ಕಲ್ಲನ್ನಿಟ್ಟರು. ಸಾತಳ್ಳಿಯ ಸುತ್ತಿನ ಕ್ರೈಸ್ತ ಹಳ್ಳಿಗಳು ಉಳಿದು ಬೆಳೆದವು. ಅದೇ ಹಾಸನದ ಸೀಮೆಯ ಶೆಟ್ಟಿಹಳ್ಳಿಯಲ್ಲಿ ಫ್ರೆಂಚ್ ಪಾದ್ರಿಗಳು 19ನೆಯ ಶತಮಾನದ ನಡುಗಾಲದ ಸುಮಾರಿಗೆ ಎತ್ತರವಾದ ಚರ್ಚೊಂದನ್ನು ಕಟ್ಟಿದ್ದರು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಬಂದಾಗ ಆ ಊರು ಮುಳುಗಿತು, ಒಕ್ಕಲುಗಳು ಬೇರೆಡೆಗೆ ಹೋಗಿ ನೆಲಸಿದರು. ಮಳೆಗಾಲದಲ್ಲಿ ನೀರಿನ ನಡುವೆ ನಿಲ್ಲುವ ಆ ಮಾಡಿಲ್ಲದ ಗೋಡೆಗಳನ್ನು ನೋಡಲು ಪಟ್ಟಣಗಳಿಂದ ಜನ ಹೋಗುತ್ತಾರೆ. ಅವರು ನೋಡುವುದು ಗೋಡೆಗಳನ್ನು; ಅಲ್ಲಿಂದ ಎದ್ದುಹೋದ ಒಕ್ಕಲುಗಳನ್ನು ವಿಚಾರಿಸುವವರು ಕಡಿಮೆ.

ದುಬ್ವಾ ಅವರು 1823ರ ಜನವರಿಯಲ್ಲಿ ಕಂಪೆನಿಯವರು ಗೊತ್ತುಮಾಡಿದ ವಿಶ್ರಾಂತಿ ವೇತನದೊಡನೆ ಹಡಗು ಹತ್ತಿ, ಮತ್ತೆ ಈ ದೇಶಕ್ಕೆ ಬರಲಿಲ್ಲ. ಪ್ಯಾರಿಸಿನಲ್ಲಿ ಅವರು ಪಂಚತಂತ್ರವನ್ನು ಫ್ರೆಂಚ್ ಭಾಷೆಗೆ ತಿರುಗಿಸಿದರು, ತಮ್ಮ ದೊಡ್ಡ ಗ್ರಂಥದ ಫ್ರೆಂಚ್ ಮೂಲವನ್ನು 1825ರಲ್ಲಿ ಅಚ್ಚುಹಾಕಿಸಿದರು. ಅವರು ಉಳಿದ ಆಯುಷ್ಯವನ್ನು ಕಳೆದದ್ದಾದರೂ ಎಲ್ಲಿ? ತಮ್ಮ ಹಳೆಯ ವಿದೇಶ ಮಿಷನ್ ಸಂಘದ ಗುರುಮಠದಲ್ಲಿ, ನಿರ್ದೇಶಕರಲ್ಲಿ ಒಬ್ಬರಾಗಿ, 1836ರಿಂದ 1839ರವರೆಗೆ ಅದರ ಮುಖ್ಯಸ್ಥರಾಗಿ. ಹಿಂದೂ ದೇಶದಲ್ಲಿ ಈ ಕೆಲಸ ಅಸಾಧ್ಯವೆಂದು ಲೋಕಕ್ಕೆಲ್ಲ ಸಾರಿ ಬರೆದವರು, ಅದೇ ಕೆಲಸಕ್ಕೆ ಅದೇ ದೇಶಕ್ಕೆ ಹೊರಡತಕ್ಕ ತರುಣರನ್ನು ವರ್ಷ ವರ್ಷವೂ ಸಿದ್ಧಮಾಡಿ ಕಳುಹಿಸುತ್ತಿದ್ದ ಮನೆಯನ್ನು ನಡೆಸುತ್ತಿದ್ದರು. 1848ರಲ್ಲಿ, ಎಂಬತ್ತೆರಡನೆಯ ವಯಸ್ಸಿನಲ್ಲಿ, ಅಲ್ಲಿಯೇ ತೀರಿಕೊಂಡರು. ಎರಡು ವರ್ಷಗಳ ತರುವಾಯ, 1850ರಲ್ಲಿ, ಮೈಸೂರು ಸೀಮೆಯ ಕ್ಯಾಥೊಲಿಕರು ಬಿಷಪ್ಪರೊಬ್ಬರ ಪ್ರತ್ಯೇಕ ಆಡಳಿತಕ್ಕೆ ಒಳಪಟ್ಟರು. ಆ ಮೊದಲ ಬಿಷಪ್ಪರೂ ಅದೇ ಸಂಘದವರು.